ಕೊರತೆಯ ಪಾಲು

ಕಾವೇರಿಯ ಕನ್ನಂಬಾಡಿ ಅಣೆಕಟ್ಟಿನ ವಿಚಾರವಾಗಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ವರ್ಷಗಟ್ಟಲೆ ನಡೆದ ವಾದವಿವಾದವು 1924ರ ಫೆಬ್ರವರಿ 18ರಂದು ಒಂದು ಒಪ್ಪಂದದ ರೂಪವನ್ನು ತಾಳಿದುದನ್ನು ಕನ್ನಡಿಗರಲ್ಲಿ ಬಹುಮಂದಿ ಬಲ್ಲರು. ಅದಕ್ಕೆ ಹದಿನೈದು ತಿಂಗಳು ಮುಂಚೆ, 1922ರ ನವೆಂಬರ್ 24ರಂದು, ಅಮೆರಿಕದ ಸಾಂತಾ ಫೆ ನಗರದಲ್ಲಿ, ಏಳು ರಾಜ್ಯಗಳ ನಡುವೆ ಹರಿಯುವ ಕೊಲರಾಡೋ ನದಿಯ ನೀರನ್ನು ಮೇಲಣ ಕೊಳ್ಳಕ್ಕೂ ಕೆಳಗಣ ಕೊಳ್ಳಕ್ಕೂ ಎರಡು ಪಾಲು ಮಾಡಿದ ಮತ್ತೊಂದು ಒಪ್ಪಂದಕ್ಕೆ ರುಜು ಬಿದ್ದಿತೆಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಕಾಲದಲ್ಲಿ ಮಾತ್ರವಲ್ಲ, ಮೊತ್ತದಲ್ಲಿಯೂ ಈ ಎರಡು ನದಿಗಳ ವ್ಯವಹಾರಗಳು ಸೋದರರಂತಿವೆ. ಕೊಲರಾಡೋ ನದಿಯಲ್ಲಿ ಏಳು ರಾಜ್ಯಗಳಿಗೂ ಮೆಕ್ಸಿಕೋ ದೇಶಕ್ಕೂ ಕಾಗದದ ಮೇಲೆ ಸಲ್ಲುವ ಮುಖ್ಯ ಹಕ್ಕುಗಳನ್ನೆಲ್ಲ ಕೂಡಿಸಿ ನಮ್ಮ ಅಳತೆಗೆ ತಿರುಗಿಸಿದರೆ ವರ್ಷಕ್ಕೆ ಸುಮಾರು 719 ಟಿಎಂಸಿ ಆಗುತ್ತದೆ. ಕಾವೇರಿ ನ್ಯಾಯಾಧಿಕರಣವು 2007ರಲ್ಲಿ ಹಂಚಿದುದು 740 ಟಿಎಂಸಿ. ಆದುದರಿಂದ ಇಪ್ಪತ್ತೈದು ವರ್ಷಗಳಿಂದ ಬಹುಮಟ್ಟಿಗೆ ಅನಾವೃಷ್ಟಿಯನ್ನೇ ಉಂಡ ಆ ನದಿಯ ಜಲಾಶಯಗಳನ್ನು ಅಲ್ಲಿನವರು ಹೇಗೆ ನಡೆಸಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬ ವೃತ್ತಾಂತವು ಕಾವೇರಿಯ ಮಕ್ಕಳಾದ ನಮಗೆ ದೂರದೇಶದ ಕುತೂಹಲವಾಗಿ ಮಾತ್ರ ಉಳಿಯತಕ್ಕದ್ದಲ್ಲ.

ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರ ಅಧ್ಯಕ್ಷತೆಯಲ್ಲಿ ನಡೆದ ಆ ಸಂಧಾನದಲ್ಲಿ, ಮೇಲಿನ ನಾಲ್ಕು ರಾಜ್ಯಗಳಿಗೊಂದು ಪಾಲು, ಕೆಳಗಿನ ಮೂರು ರಾಜ್ಯಗಳಿಗೊಂದು ಪಾಲು ಎಂದು ಎಪ್ಪತ್ತೈದು ಎಪ್ಪತ್ತೈದು ಲಕ್ಷ ಏಕರೆ-ಅಡಿಗಳನ್ನು, ಎಂದರೆ ತಲಾ ಸುಮಾರು 327 ಟಿಎಂಸಿಯನ್ನು, ನಿಗದಿಪಡಿಸಲಾಯಿತು. 1944ರ ಕೌಲಿನಿಂದ ಮೆಕ್ಸಿಕೋಗೆ ಹದಿನೈದು ಲಕ್ಷ ಏಕರೆ-ಅಡಿ ಸೇರಿತು. ಈ ಅಂಕಿಗಳ ಬುಡದಲ್ಲಿಯೇ ದೋಷವಿದ್ದಿತು. ಸಂಧಾನಕಾರರ ಮುಂದೆ ಇದ್ದ ಅಳತೆಗಳು ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳವು. ಆ ದಶಕಗಳೋ ನದಿಯ ಶತಮಾನಗಳ ಚರಿತ್ರೆಯಲ್ಲಿಯೇ ಅಪರೂಪವೆನ್ನುವಷ್ಟು ಸಮೃದ್ಧವಾದವು. ನದಿಯಲ್ಲಿ ಅಷ್ಟು ನೀರಿಲ್ಲವೆಂದು ಅಮೆರಿಕದ ಭೂಸರ್ವೇಕ್ಷಣಾ ಇಲಾಖೆಯ ಜಲತಜ್ಞ ಇ. ಸಿ. ಲಾರೂ ಎಂಬಾತನು ಅದೇ ದಶಕದಲ್ಲಿ ಎಚ್ಚರಿಸಿದ್ದನು. ಆ ಎಚ್ಚರಿಕೆಯನ್ನು ಕೇಳುವ ಆತುರ ಯಾರಿಗೂ ಇರಲಿಲ್ಲ. ಬಳಿಕ 1970ರ ದಶಕದಲ್ಲಿ ಮುದಿ ಮರಗಳ ಕಾಂಡದ ಉಂಗುರಗಳನ್ನು ಓದಿ ಹಿಂದಿನ ಶತಮಾನಗಳ ಹರಿವನ್ನು ಲೆಕ್ಕಹಾಕಿದ ವಿಜ್ಞಾನಿಗಳು ಲಾರೂವಿನ ಅನುಮಾನವೇ ಸರಿಯೆಂದು ಪ್ರಮಾಣಪೂರ್ವಕವಾಗಿ ತೋರಿಸಿದರು. ಅಷ್ಟರಲ್ಲಿ ಹಕ್ಕುಗಳು ಶಾಸನಗಳಾಗಿದ್ದವು, ಶಾಸನಗಳು ನಾಲೆಗಳಾಗಿದ್ದವು, ನಾಲೆಗಳು ಹೊಲಗಳೂ ನಗರಗಳೂ ಆಗಿದ್ದವು.

ಈ ದೋಷವನ್ನು ಬಹುಕಾಲ ಮರೆಮಾಡಿದುದು ಎರಡು ಮಹಾಜಲಾಶಯಗಳು. 1930ರ ದಶಕದ ನಡುವೆ ಮುಗಿದ ಹೂವರ್ ಅಣೆಕಟ್ಟಿನ ಹಿಂದೆ ನಿಂತ ಮೀಡ್ ಸರೋವರ ಕೆಳಕೊಳ್ಳದ್ದು. 1963ರಲ್ಲಿ ನೀರು ನಿಲ್ಲತೊಡಗಿ ತುಂಬುವುದಕ್ಕೆ ಹದಿನೇಳು ವರ್ಷ ಹಿಡಿದ ಪೊವೆಲ್ ಸರೋವರ ಮೇಲುಕೊಳ್ಳದ್ದು. ಎರಡೂ ತುಂಬಿದರೆ ಎರಡು ಸಾವಿರ ಟಿಎಂಸಿಗೂ ಮಿಗಿಲು. ಅಂದರೆ ನದಿಯ ಮೂರು ವರ್ಷಗಳ ಹರಿವನ್ನು ಅವು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲವು. ಇಷ್ಟು ದೊಡ್ಡ ಸಂಗ್ರಹವಿದ್ದಾಗ ಮನುಷ್ಯನು ವರ್ಷದ ಆದಾಯವನ್ನೂ ಹಳೆಯ ಉಳಿತಾಯವನ್ನೂ ಬೇರೆಬೇರೆಯಾಗಿ ನೋಡುವುದನ್ನು ಮರೆಯುತ್ತಾನೆ. 2000ದಿಂದ ಆರಂಭವಾದ ಬರಗಾಲವು ಆ ಮರೆವನ್ನು ಬಿಡಿಸಿತು. 2000ದಿಂದ 2018ರವರೆಗಿನ ಹರಿವು ಹಿಂದಿನ ಶತಮಾನದ ಸರಾಸರಿಗಿಂತ ಐದರಲ್ಲೊಂದು ಪಾಲಿನಷ್ಟು ತಗ್ಗಿದ್ದಿತು; 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಆ ಸೀಮೆಯಲ್ಲಿ 2000ದಿಂದ 2021ರವರೆಗಿನ ಇಪ್ಪತ್ತೆರಡು ವರ್ಷಗಳಷ್ಟು ಒಣ ಅವಧಿಯು ಕ್ರಿಸ್ತಶಕ 800ರಿಂದೀಚೆಗೆ ಬಂದುದಿಲ್ಲವೆಂದು ಸಾರಿತು. ಮಳೆ ಹಿಮಗಳು ಕಡಿಮೆಯಾದುದು ಒಂದು ಕಾರಣ. ಬಿದ್ದ ಹಿಮವನ್ನೂ ಕಾದ ನೆಲವೂ ಬಿಸಿಯೇರಿದ ಗಾಳಿಯೂ ನದಿಗೆ ಮುಟ್ಟಗೊಡದೆ ಹೀರಿಕೊಂಡುದು ಇನ್ನೊಂದು. ಈ ಎರಡನೆಯ ಕಾರಣವು ಮುಂದಿನ ಒಳ್ಳೆಯ ಮಳೆಯಿಂದ ನಿವಾರಣೆಯಾಗತಕ್ಕದ್ದಲ್ಲ.

ಬರಗಾಲವಿಲ್ಲದಿದ್ದರೂ ಮೀಡ್ ಸರೋವರದ ಲೆಕ್ಕ ಕೂಡಿಬರುತ್ತಿರಲಿಲ್ಲವೆಂಬುದು ಇನ್ನೂ ಗಂಭೀರವಾದ ಸಂಗತಿ. ಮೇಲಿನಿಂದ ವಾಡಿಕೆಯಂತೆ ಬಿಡುವ ನೀರಷ್ಟೇ ಬಂದು, ಕೆಳಗಿನ ಮೂರು ರಾಜ್ಯಗಳೂ ಮೆಕ್ಸಿಕೋವೂ ತಮ್ಮ ಹಕ್ಕಿನ ನೀರನ್ನು ಪೂರ್ತಿಯಾಗಿ ತೆಗೆದುಕೊಂಡು, ಬಿಸಿಲಿಗೆ ಆವಿಯಾದುದನ್ನೂ ಸೇರಿಸಿದರೆ, ವರ್ಷಕ್ಕೆ ಸುಮಾರು ಹನ್ನೆರಡು ಲಕ್ಷ ಏಕರೆ-ಅಡಿಗಳ ಕೊರತೆ ಬೀಳುತ್ತಿದ್ದಿತು. ನಮ್ಮ ಲೆಕ್ಕದಲ್ಲಿ ಇದು 52 ಟಿಎಂಸಿ. ಕೃಷ್ಣರಾಜಸಾಗರವು ತುಂಬಿದಾಗ ಹಿಡಿಯುವ ನೀರು 49.45 ಟಿಎಂಸಿ. ಎಂದರೆ ವರ್ಷಕ್ಕೊಂದು ಕನ್ನಂಬಾಡಿಯಷ್ಟು ನೀರನ್ನು, ಯಾವ ರಾಜ್ಯವೂ ತನ್ನ ಹಕ್ಕನ್ನು ಮೀರದೆ, ಯಾರೂ ಅಪರಾಧಿಯಾಗದೆ, ಎಲ್ಲರೂ ಸೇರಿ ಸರೋವರದ ಮೂಲಧನದಿಂದ ತೆಗೆದು ಬಳಸುತ್ತಿದ್ದರು.

ಇಂತಹ ಸ್ಥಿತಿಯಲ್ಲಿ ಅಲ್ಲಿನವರು ಮಾಡಿದ ಒಂದು ಕೆಲಸವು ವಿಶೇಷ ಪರಿಶೀಲನೆಗೆ ಅರ್ಹವಾದುದು. ಐದಾರು ವರ್ಷಗಳಲ್ಲಿ ಎರಡೂ ಸರೋವರಗಳು ಅರ್ಧಕ್ಕೆ ಇಳಿದುದನ್ನು ಕಂಡು, ಕೇಂದ್ರದ ಒಳನಾಡು ಖಾತೆಯು ತಾನೇ ಕೈಹಾಕುವ ಸೂಚನೆಯನ್ನು ಕೊಟ್ಟಾಗ, ಏಳು ರಾಜ್ಯಗಳೂ ಕೂತು ಮಾತಾಡಿ, 2007ರ ಡಿಸೆಂಬರಿನಲ್ಲಿ ಒಂದು ನಿಯಮಾವಳಿಗೆ ಒಪ್ಪಿದವು. ಆ ನಿಯಮಾವಳಿಯ ತಿರುಳು ಇಷ್ಟೇ: ಮೀಡ್ ಸರೋವರದ ಮಟ್ಟವು ಸಮುದ್ರಮಟ್ಟದಿಂದ 1,075 ಅಡಿಗೆ ಇಳಿದರೆ ಇಂತಿಂತಹವರ ಪಾಲಿನಲ್ಲಿ ಇಷ್ಟಿಷ್ಟು ಕಡಿತ, 1,050ಕ್ಕೆ ಇಳಿದರೆ ಇನ್ನಷ್ಟು, 1,025ಕ್ಕೆ ಇಳಿದರೆ ಮತ್ತೂ ಹೆಚ್ಚು. ಮೂರು ಗೆರೆಗಳು, ಮೂರು ಮೊತ್ತಗಳು: 14.5, 18, 22 ಟಿಎಂಸಿಗಳ ಆಸುಪಾಸು. ಪೊವೆಲ್‌ನಿಂದ ಕೆಳಕ್ಕೆ ಬಿಡುವ ನೀರೂ ಇನ್ನು ಮೇಲೆ ಒಂದೇ ಕಟ್ಟುನಿಟ್ಟಿನ ಮೊತ್ತವಾಗಿ ಉಳಿಯದೆ, ಎರಡು ಸರೋವರಗಳ ಮಟ್ಟವನ್ನು ಒಟ್ಟಿಗೆ ನೋಡಿ ಹೆಚ್ಚು ಕಡಿಮೆಯಾಗತಕ್ಕದ್ದೆಂದು ಗೊತ್ತಾಯಿತು. ಪ್ರತಿವರ್ಷ ಆಗಸ್ಟಿನಲ್ಲಿ ಜಲಾಶಯಗಳ ಆಡಳಿತವನ್ನು ನೋಡುವ ಕೇಂದ್ರದ ಇಲಾಖೆಯು, ಬರುವ ಜನವರಿಯ ಮೊದಲ ದಿನ ನೀರು ಯಾವ ಗೆರೆಯಲ್ಲಿರುವುದೆಂದು ಲೆಕ್ಕಹಾಕಿ ಪ್ರಕಟಿಸುತ್ತದೆ. ಬೇಸಾಯಗಾರನಿಗೂ ನಗರಸಭೆಗೂ ಮುಂದಿನ ವರ್ಷ ಎಷ್ಟು ನೀರೆಂಬುದು ನಾಲ್ಕು ತಿಂಗಳು ಮೊದಲೇ ತಿಳಿದಿರುತ್ತದೆ.

ಇದರ ಹಿರಿಮೆಯನ್ನು ತೋರಿಕೆಯ ಸರಳತೆಯಿಂದ ಅಳೆಯಬಾರದು. ಗೆರೆಯನ್ನು ಎಳೆಯುವಾಗ ಮೊದಲ ಗೆರೆಯೂ ಇನ್ನೂ ಬಹುದೂರದಲ್ಲಿದ್ದಿತು. ಆದುದರಿಂದ ಯಾವ ರಾಜ್ಯಕ್ಕೂ ಆ ಕ್ಷಣದಲ್ಲಿ ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ, ಮುಖಂಡರಿಗೆ ಬೀದಿಯ ಕೋಪವನ್ನು ಎದುರಿಸಬೇಕಾಗಿರಲಿಲ್ಲ, ಮಾತು ಶಾಂತವಾಗಿ ನಡೆಯಬಹುದಾಗಿದ್ದಿತು. ಹದಿನಾಲ್ಕು ವರ್ಷಗಳ ಬಳಿಕ, 2021ರ ಆಗಸ್ಟಿನಲ್ಲಿ, ಆ ನದಿಯ ಚರಿತ್ರೆಯಲ್ಲಿಯೇ ಮೊದಲ ಕೊರತೆಯ ಘೋಷಣೆ ಹೊರಟಾಗ, ಇಷ್ಟು ಕಡಿತ ಏಕೆಂದು ವಾದಿಸುವುದಕ್ಕೆ ಯಾರೂ ನ್ಯಾಯಾಲಯಕ್ಕೆ ಓಡಲಿಲ್ಲ. ನೀರು ಗೆರೆಗೆ ಇಳಿದಿದ್ದಿತು, ಗೆರೆಯ ಅರ್ಥವು ಎಲ್ಲರಿಗೂ ತಿಳಿದಿದ್ದಿತು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ವಿವೇಕವೂ ಇದ್ದಿತು. ಹಳೆಯ ಪದ್ಧತಿಯಲ್ಲಿ ನೀರನ್ನು ಉಳಿಸಿದವನಿಗೆ ಲಾಭವಿರಲಿಲ್ಲ. ಅವನು ಬಿಟ್ಟುದನ್ನು ಪಕ್ಕದವನು ಬಳಸುತ್ತಿದ್ದನು. ಹೊಸ ನಿಯಮದ ಪ್ರಕಾರ, ನಾಲೆಗೆ ಗಾರೆ ಹಾಕಿಸಿಯೋ ಗದ್ದೆಯನ್ನು ಬೀಳುಬಿಟ್ಟೋ ನೀರನ್ನು ಉಳಿಸಿದವನು ಅದನ್ನು ಮೀಡ್ ಸರೋವರದಲ್ಲಿ ತನ್ನ ಹೆಸರಿನ ಠೇವಣಿಯಾಗಿ ಇಡಬಹುದು, ಒಂದಂಶವನ್ನು ಸರೋವರಕ್ಕೆ ಬಿಟ್ಟುಕೊಟ್ಟು ಉಳಿದುದನ್ನು ಮುಂದೊಂದು ವರ್ಷ ಪಡೆಯಬಹುದು. 2012ರ ಒಡಂಬಡಿಕೆಯಿಂದ ಮೆಕ್ಸಿಕೋ ದೇಶವೂ ಈ ಸೌಲಭ್ಯದೊಳಗೆ ಬಂದಿತು. ಹಂಚಿಕೆಯ ನದಿಯಲ್ಲಿ ಉಳಿತಾಯವು ಮೂರ್ಖತನವಲ್ಲವೆಂದು ಮೊದಲು ನಂಬಿಸಿದುದು ಈ ಏರ್ಪಾಡು.

ಆದರೆ ನಿಯಮವು ಸಾಕಾಯಿತೇ ಎಂದರೆ ಸಾಕಾಗಲಿಲ್ಲ. ಗೆರೆಗಳನ್ನು ಎಳೆದವರು ಕಡಿತವನ್ನು ಸೌಮ್ಯವಾಗಿ ಇಟ್ಟಿದ್ದರು: ಮೂರನೆಯ ಗೆರೆಯ ಕಡಿತವೂ ವರ್ಷದ ಸಹಜ ಕೊರತೆಯ ಅರ್ಧವನ್ನು ಮುಟ್ಟುತ್ತಿರಲಿಲ್ಲ. 2019ರಲ್ಲಿ ಹೆಚ್ಚಿನ ಕಡಿತಗಳ ಇನ್ನೊಂದು ಒಪ್ಪಂದ ಸೇರಿತು. ಹಿರಿಯ ಹಕ್ಕಿನ ಕ್ಯಾಲಿಫೋರ್ನಿಯಾವೂ ಮೊದಲ ಬಾರಿಗೆ, ಸರೋವರವು 1,045 ಅಡಿಗೆ ಇಳಿದರೆ ತಾನೂ ಬಿಟ್ಟುಕೊಡುವುದಾಗಿ ಒಪ್ಪಿತು. 2022ರ ಜುಲೈಯಲ್ಲಿ ಮೀಡ್ ಸರೋವರವು ಮೊದಲು ತುಂಬುತ್ತಿದ್ದ 1937ರಿಂದೀಚೆಗೆ ಎಂದೂ ಕಾಣದ 1,040 ಅಡಿಗೆ ಇಳಿದು, ಒಟ್ಟು ಸಾಮರ್ಥ್ಯದ ಕಾಲುಭಾಗಕ್ಕಿಂತ ತುಸುವೇ ಹೆಚ್ಚು ನೀರು ಉಳಿಯಿತು. ಪೊವೆಲ್ ಸರೋವರವು ವಿದ್ಯುತ್ ಯಂತ್ರಗಳು ತಿರುಗುವುದಕ್ಕೆ ಬೇಕಾದ ಕನಿಷ್ಠ ಮಟ್ಟದ ಸಮೀಪಕ್ಕೆ ಬಂದಿತು. ಆ ಬೇಸಗೆಯಲ್ಲಿ ಜಲಾಶಯಗಳನ್ನು ನೋಡುವ ಇಲಾಖೆಯ ಮುಖ್ಯಸ್ಥೆಯು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ, ಒಂದೇ ವರ್ಷದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಏಕರೆ-ಅಡಿಗಳ ಬಳಕೆಯನ್ನು ಇಳಿಸಬೇಕೆಂದು ಕೇಳಿದಾಗ, ನಿಯಮಾವಳಿಯ ಶಾಂತಿಯೆಲ್ಲ ಕದಡಿತು. ಕಡೆಗೆ 2023ರ ಮೇ ತಿಂಗಳಲ್ಲಿ ಕೆಳಗಿನ ಮೂರು ರಾಜ್ಯಗಳು 2026ರವರೆಗೆ ಒಟ್ಟು ಮೂವತ್ತು ಲಕ್ಷ ಏಕರೆ-ಅಡಿಗಳನ್ನು ಉಳಿಸುವುದಾಗಿ ಒಪ್ಪಿದವು. ಅದರ ಬಹುಪಾಲಿಗೆ ಕೇಂದ್ರವು ಹಣ ಕೊಟ್ಟಿತು. ಆ ಚಳಿಗಾಲದಲ್ಲಿ ಹಿಮವೂ ಧಾರಾಳವಾಗಿ ಬಿದ್ದಿತೆಂಬುದನ್ನು ಹೇಳದೆ ಬಿಡಬಾರದು.

ಕಡಿತದ ಭಾರವು ಸಮನಾಗಿ ಬೀಳಲಿಲ್ಲ. ಅರಿಜೋನಾ ರಾಜ್ಯದ ಮಧ್ಯಭಾಗಕ್ಕೆ ನೀರನ್ನೊಯ್ಯುವ ದೊಡ್ಡ ನಾಲೆಯು 1968ರ ಶಾಸನದಿಂದಲೇ ಹಕ್ಕಿನ ಸಾಲಿನಲ್ಲಿ ಕೊನೆಯದು. ಅದನ್ನು ನಂಬಿದ್ದ ಪಿನಾಲ್ ಜಿಲ್ಲೆಯ ರೈತರು ಮೊದಲ ಘೋಷಣೆಯೊಡನೆಯೇ ನದಿಯ ನೀರನ್ನು ಬಹುಮಟ್ಟಿಗೆ ಕಳೆದುಕೊಂಡು ಕೊಳವೆಬಾವಿಗಳಿಗೆ ಮರಳಿದರು, ಹೊಲಗಳನ್ನು ಬೀಳುಬಿಟ್ಟರು. 1922ರ ಮೇಜಿನ ಸುತ್ತ ಒಂದು ಕುರ್ಚಿಯನ್ನೂ ಪಡೆಯದ ಮೂಲನಿವಾಸಿ ಬುಡಕಟ್ಟುಗಳು ಆ ಕೊಳ್ಳದಲ್ಲಿ ಮೂವತ್ತು ಇವೆ. ಸಮುದ್ರವನ್ನು ಮುಟ್ಟುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ ನದಿಯ ಮುಖಜಭೂಮಿಯು ಮೆಕ್ಸಿಕೋದಲ್ಲಿ ಒಣಗಿ ಬಿದ್ದಿದೆ. ಮುಂಚಿತವಾಗಿ ಬರೆದ ನಿಯಮವೆಲ್ಲ ನ್ಯಾಯವಾದ ನಿಯಮವಲ್ಲವೆಂಬುದಕ್ಕೆ ಈ ಮೂವರೂ ಸಾಕ್ಷಿಗಳು.

ಇನ್ನು ಕಾವೇರಿಗೆ ಬರೋಣ. ಎರಡು ನದಿಗಳಲ್ಲಿ ಹಂಚಿಕೆಯ ಮೊತ್ತ ಸಮೀಪವಾದರೂ ಸಂಗ್ರಹದಲ್ಲಿ ಅಜಗಜಾಂತರವುಂಟು. ಕೃಷ್ಣರಾಜಸಾಗರ, ಹೇಮಾವತಿ, ಕಬಿನಿ, ಹಾರಂಗಿ, ಈ ನಾಲ್ಕೂ ತುಂಬಿದರೆ 114.57 ಟಿಎಂಸಿ, ತಮಿಳುನಾಡಿನ ಮೆಟ್ಟೂರು 93.47. ಐದೂ ಸೇರಿ 208 ಟಿಎಂಸಿ. ವರ್ಷದ ಹಂಚಿಕೆಯ ಮೂರರಲ್ಲೊಂದು ಪಾಲೂ ಆಗದು. ಕೊಲರಾಡೋವಿನಲ್ಲಿ ಬರವು ಇಪ್ಪತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಇಳಿಯುವ ನೀರಿನ ಗೆರೆಯಾಗಿ ಕಾಣಿಸಿದರೆ, ನಮ್ಮಲ್ಲಿ ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ಜೂನ್ ಜುಲೈಗಳ ಮಳೆ ಕೈಕೊಟ್ಟೊಡನೆ ಆಗಸ್ಟಿನ ಹೊತ್ತಿಗೆ ಬಾಗಿಲಿಗೆ ಬಂದಿರುತ್ತದೆ. ಸತತ ಬರವೂ ನಮಗೆ ಅಪರಿಚಿತವಲ್ಲ: 2001ರಿಂದ ಮೂರು ವರ್ಷ ಒಂದರ ಬೆನ್ನಿಗೊಂದು ಬಂದ ಕ್ಷಾಮವನ್ನು ಹಳೆಯ ಮೈಸೂರಿನ ರೈತರು ಮರೆತಿಲ್ಲ. ಉಳಿತಾಯವಿಲ್ಲದ ನದಿಗೆ ಮುಂಗಡ ನಿಯಮದ ಅಗತ್ಯವು ಉಳಿತಾಯವಿರುವ ನದಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಇಲ್ಲಿ ಸಾರ್ವಜನಿಕ ಚರ್ಚೆಯಲ್ಲಿ ಯಾರೂ ಬಿಡಿಸಿ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನ್ಯಾಯಾಧಿಕರಣದ 740 ಟಿಎಂಸಿ ಎಂಬುದು ಶೇಕಡ 50ರ ಭರವಸೆಯ ಮೇಲೆ ಲೆಕ್ಕಹಾಕಿದ ಮೊತ್ತ. ನೂರು ವರ್ಷಗಳಲ್ಲಿ ಐವತ್ತು ವರ್ಷ ನದಿಯಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರಿರುತ್ತದೆಂಬುದು ಇದರ ಅರ್ಥ; ಉಳಿದ ಐವತ್ತು ವರ್ಷ ಅಷ್ಟು ಇರುವುದಿಲ್ಲವೆಂಬುದೂ ಇದರದೇ ಅರ್ಥ. ಹಾಗಿದ್ದ ಮೇಲೆ ಸಂಕಷ್ಟದ ವರ್ಷವೆಂಬುದು ಎಂದೋ ಒಮ್ಮೆ ಬರುವ ಅಪವಾದವಲ್ಲ. ಹೆಚ್ಚು ಕಡಿಮೆ ಎರಡು ವರ್ಷಗಳಲ್ಲಿ ಒಂದು, ಸ್ವಲ್ಪವೋ ಬಹಳವೋ, ಕೊರತೆಯ ವರ್ಷವೇ. ಆದರೆ ತೀರ್ಪಿನ ನೂರಾರು ಪುಟಗಳಲ್ಲಿ ತುಂಬಿದ ವರ್ಷದ ಪಾಲುಗಳು ದಶಮಾಂಶದವರೆಗೆ ಬರೆಯಲ್ಪಟ್ಟಿವೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿದ ಮೇಲೆ, ಜೂನಿಗೆ 9.19, ಜುಲೈಗೆ 31.24, ಆಗಸ್ಟಿಗೆ 45.95 ಎಂದು ತಿಂಗಳ ಪಟ್ಟಿಯೂ ಇದೆ. ಕೊರತೆಯ ವರ್ಷಕ್ಕೆ ಮಾತ್ರ, ಪಾಲುಗಳು ಪ್ರಮಾಣಕ್ಕೆ ಅನುಗುಣವಾಗಿ ಇಳಿಯತಕ್ಕದ್ದೆಂಬ ಒಂದು ತತ್ತ್ವವಿದೆ. ಆ ತತ್ತ್ವವನ್ನು ದಿನದ ಲೆಕ್ಕಕ್ಕೆ ಇಳಿಸುವ, ಎಲ್ಲ ರಾಜ್ಯಗಳೂ ಒಪ್ಪಿದ ಸಂಕಷ್ಟ ಸೂತ್ರವು ಇಂದಿಗೂ ಇಲ್ಲ. ಒಪ್ಪಂದದ ಅರ್ಧವು ಬರೆಯದೆಯೇ ಉಳಿದಿದೆಯೆಂದರೆ ಅತಿಶಯೋಕ್ತಿಯಾಗದು.

ಬರೆಯದೆ ಉಳಿದ ಆ ಅರ್ಧದ ಜಾಗದಲ್ಲಿ ಏನೇನು ನಡೆದಿದೆಯೆಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. 2012ರಲ್ಲಿ ಪ್ರಧಾನಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರದಿಂದ 9,000 ಕ್ಯುಸೆಕ್ ಬಿಡಬೇಕೆಂಬ ಆಜ್ಞೆ. 2016ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ 15,000 ಕ್ಯುಸೆಕ್, ಒಂದೇ ವಾರದಲ್ಲಿ ಅದು 12,000ಕ್ಕೆ ಇಳಿದು, ಅದೇ ದಿನ ಬೆಂಗಳೂರಿನಲ್ಲಿ ಬಸ್ಸು ಲಾರಿಗಳು ಉರಿದು ಪ್ರಾಣಹಾನಿಯಾದುದು. 2023ರಲ್ಲಿ ಹದಿನೈದು ದಿನಗಳಿಗೊಮ್ಮೆ 5,000 ಕ್ಯುಸೆಕ್‌ನ ಶಿಫಾರಸು, ಅದರ ಬೆನ್ನಿಗೇ ಬೆಂಗಳೂರು ಬಂದ್, ಕರ್ನಾಟಕ ಬಂದ್. ಐದು ಸಾವಿರ ಕ್ಯುಸೆಕ್ ಹದಿನೈದು ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ. ಈ ಆರೂವರೆ ಟಿಎಂಸಿಗಾಗಿ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು ಒಣಗುವುದೋ, ತಂಜಾವೂರು ಸೀಮೆಯಲ್ಲಿ ಕುರುವೈ ಪೈರು ಒಣಗುವುದೋ ಎಂಬುದನ್ನು ಹದಿನೈದು ದಿನಗಳಿಗೊಮ್ಮೆ, ಎರಡೂ ಕಡೆಯ ರೈತರು ರಸ್ತೆಯಲ್ಲಿ ಕುಳಿತಿರುವಾಗ, ನಿರ್ಧರಿಸಬೇಕಾಗಿ ಬರುವುದು ಆಡಳಿತದ ಲಕ್ಷಣವಲ್ಲ. ಮಂಡ್ಯದ ರೈತನಿಗೆ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಾದರೂ ನೀರು ಬರುವುದೋ ಇಲ್ಲವೋ ಎಂಬುದು ಭತ್ತದ ಒಟ್ಲು ಬಿಡುವುದಕ್ಕೆ ಮುಂಚೆ ತಿಳಿಯಬೇಕು. ನಾಟಿಯಾದ ಮೇಲೆ ತಿಳಿದರೆ ಅದು ತಿಳಿವಲ್ಲ, ಆಘಾತ.

ನ್ಯಾಯಾಧಿಕರಣವೇ ತನ್ನ ಅಂತಿಮ ಆದೇಶದಲ್ಲಿ ಕೇರಳದ ಬಾಣಾಸುರಸಾಗರದಿಂದ ಮೆಟ್ಟೂರಿನವರೆಗಿನ ಮುಖ್ಯ ಜಲಾಶಯಗಳು ಒಂದು ಸಮಗ್ರ ವ್ಯವಸ್ಥೆಯಾಗಿ, ಹತ್ತು ದಿನಗಳ ಲೆಕ್ಕದಲ್ಲಿ ನಡೆಯಬೇಕೆಂದು ಸೂಚಿಸಿತ್ತು. ಆ ಸೂಚನೆಯೊಳಗೆ ಕೊಲರಾಡೋವಿನ ಗೆರೆಗಳ ಮಾದರಿಗೆ ಬೇಕಾದಷ್ಟು ಸ್ಥಳವಿದೆ. ಜುಲೈ ಕೊನೆಗೆ, ಆಗಸ್ಟ್ ಮಧ್ಯಕ್ಕೆ, ಸೆಪ್ಟೆಂಬರ್ ಮೊದಲಿಗೆ, ಐದು ಜಲಾಶಯಗಳ ಒಟ್ಟು ಸಂಗ್ರಹವೂ ಅಲ್ಲಿಯವರೆಗಿನ ಒಳಹರಿವೂ ಇಂತಿಷ್ಟಿದ್ದರೆ ಬಿಳಿಗುಂಡ್ಲುವಿನಲ್ಲಿ ಇಷ್ಟು, ನಮ್ಮ ನಾಲೆಗಳಿಗೆ ಇಷ್ಟು, ಕುಡಿಯುವ ನೀರಿಗೆಂದು ಯಾರೂ ಮುಟ್ಟದೆ ಇಡಬೇಕಾದುದು ಇಷ್ಟು ಎಂಬ ಕೋಷ್ಟಕವನ್ನು ಮಳೆಗಾಲಕ್ಕೆ ಮುನ್ನವೇ ಪ್ರಕಟಿಸಬಹುದು. 2019ರಲ್ಲಿ ಆದಂತೆ ಜೂನ್ ಜುಲೈ ಒಣಗಿ ಆಗಸ್ಟಿನಲ್ಲಿ ಪ್ರವಾಹವೇ ಬರಬಹುದಾದುದರಿಂದ, ಮೊದಲ ತಿಂಗಳುಗಳ ಬಾಕಿಯನ್ನು ನೀರು ಬಂದಾಗ ತೀರಿಸುವ ಕ್ರಮವೂ, ನೀರು ಬಾರದೆಯೇ ಹೋದರೆ ಬಾಕಿಯನ್ನು ಮನ್ನಾ ಮಾಡುವ ಕ್ರಮವೂ ಕೋಷ್ಟಕದಲ್ಲಿರಬೇಕು. ಅಕ್ಟೋಬರಿನಿಂದ ತಮಿಳುನಾಡಿಗೆ ಬರುವ ಈಶಾನ್ಯ ಮಾರುತದ ಮಳೆಯನ್ನೂ, ಸರ್ವೋಚ್ಚ ನ್ಯಾಯಾಲಯವು ಹತ್ತು ಟಿಎಂಸಿಯೆಂದು ಲೆಕ್ಕಕ್ಕೆ ಹಿಡಿದ ಅಲ್ಲಿನ ಅಂತರ್ಜಲವನ್ನೂ ಕೋಷ್ಟಕವು ಬಿಡುವಂತಿಲ್ಲ. ಮೇಲಿನವರಾದ ನಮ್ಮ ಬಳಕೆಯನ್ನೂ ಅದು ಬಿಡುವಂತಿಲ್ಲ.

ಇದಕ್ಕೆ ನಮ್ಮ ಕಡೆಯಿಂದಲೇ ಆಕ್ಷೇಪ ಬರುವುದನ್ನು ಬಲ್ಲೆನು. ನೀರು ನಮ್ಮ ಅಣೆಕಟ್ಟಿನಲ್ಲಿರುವಾಗ ಗೆರೆಗಳ ಕಟ್ಟಿಗೆ ನಾವೇಕೆ ಒಳಗಾಗಬೇಕು ಎಂದು ಕೆಲವರು ಕೇಳಬಹುದು. ನೀರು ನಮ್ಮ ಅಣೆಕಟ್ಟಿನಲ್ಲಿದ್ದ ವರ್ಷಗಳಲ್ಲಿಯೂ ಬಿಡಬೇಕಾದ ಮೊತ್ತವನ್ನು ದೆಹಲಿಯಲ್ಲಿ ಇತರರು ನಿರ್ಧರಿಸಿದರೆಂಬುದೇ ಇದಕ್ಕೆ ಉತ್ತರ. ಒಪ್ಪಿದ ಸೂತ್ರವಿಲ್ಲದಿರುವುದರಿಂದ ಮೇಲಣ ರಾಜ್ಯವು ಗಳಿಸಿದ ಸ್ವಾತಂತ್ರ್ಯವು ಏನೂ ಇಲ್ಲ. ಪ್ರತಿ ಸಂಕಷ್ಟದ ವರ್ಷವೂ ಪ್ರತಿವಾದಿಯ ಕಟಕಟೆಯಲ್ಲಿ ನಿಲ್ಲುವ ದುರ್ಗತಿಯನ್ನು ಮಾತ್ರ ಗಳಿಸಿದೆ. ತಮಿಳುನಾಡಿನ ಆಕ್ಷೇಪವು ಬೇರೆ ಬಗೆಯದು: ಸೂತ್ರಕ್ಕೆ ಒಪ್ಪಿದರೆ ಪಟ್ಟಿಯ ಪೂರ್ಣ ಪಾಲಿನ ಹಕ್ಕು ಸಡಿಲವಾದೀತೆಂಬ ಭಯ. ಕೊಲರಾಡೋವಿನ ಕೆಳರಾಜ್ಯಗಳಿಗೂ ಇದೇ ಭಯವಿದ್ದಿತು. ಹಕ್ಕನ್ನು ಮುಟ್ಟದೆ, ಅವಧಿಯೊಂದಕ್ಕೆ ಮಾತ್ರ ಸಲ್ಲುವ ನಿಯಮವೆಂದು ಬರೆದು ಅವರು ಆ ಭಯವನ್ನು ಕಳೆದುಕೊಂಡರು.

ಆ ಅವಧಿಯು 2026ರೊಡನೆ ಮುಗಿಯುತ್ತದೆ. ಅದರ ಮುಂದಿನ ನಿಯಮಕ್ಕಾಗಿ ಮೇಲಿನ ಮತ್ತು ಕೆಳಗಿನ ರಾಜ್ಯಗಳು, ಈ ಸಲ ಸರೋವರಗಳು ತಗ್ಗಿರುವಾಗಲೇ, ಬಹು ಪ್ರಯಾಸದಿಂದ ಸಂಧಾನ ನಡೆಸಬೇಕಾಗಿ ಬಂದಿದೆ. 2007ರ ಸೌಮ್ಯತೆಯು ಆ ಮಾತುಕತೆಗಳಲ್ಲಿ ಕಾಣದಿರುವುದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಕಾವೇರಿಯಲ್ಲಿ ನಮ್ಮ ಸ್ಥಿತಿ ಸದ್ಯಕ್ಕೆ ಅದಕ್ಕಿಂತ ಮೇಲು. 2024ರಲ್ಲಿಯೂ 2025ರಲ್ಲಿಯೂ ಕೃಷ್ಣರಾಜಸಾಗರವು ತುಂಬಿ ಬಾಗಿನ ಪಡೆಯಿತು. ಸರ್ವೋಚ್ಚ ನ್ಯಾಯಾಲಯವು 2018ರ ಹಂಚಿಕೆಗೆ ಕೊಟ್ಟ ಹದಿನೈದು ವರ್ಷಗಳ ಅವಧಿ ಮುಗಿಯುವುದಕ್ಕೆ 2033ರವರೆಗೆ ಕಾಲವಿದೆ. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ಇದೆ, ನಿಯಂತ್ರಣ ಸಮಿತಿಯು ಇದೆ, ಮೂರು ರಾಜ್ಯಗಳ ಮತ್ತು ಪುದುಚೇರಿಯ ಎಂಜಿನಿಯರುಗಳು ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲರು, ಹಲವು ದಶಕಗಳ ಒಳಹರಿವಿನ ಅಂಕಿಅಂಶಗಳು ಎಲ್ಲರ ಬಳಿಯೂ ಇವೆ. ಸಂಕಷ್ಟ ಸೂತ್ರದ ಕರಡನ್ನು ಮುಂದಿನ ಜೂನ್ ಒಳಗೆ ಸಿದ್ಧಪಡಿಸಿ, ಅದನ್ನು 2002, 2012, 2016, 2023ರ ಲೆಕ್ಕಗಳ ಮೇಲೆ ಒರೆಹಚ್ಚಿ ನೋಡಿ, ಆ ವರ್ಷಗಳಲ್ಲಿ ಯಾರಿಗೆ ಎಷ್ಟು ಬರುತ್ತಿತ್ತೆಂಬುದನ್ನು ಎರಡೂ ಭಾಷೆಗಳಲ್ಲಿ ರೈತರ ಮುಂದೆ ಇಡಬೇಕೆಂದು ಕರ್ನಾಟಕ ಸರ್ಕಾರವೇ ತಾನಾಗಿ ಪ್ರಾಧಿಕಾರವನ್ನು ಕೇಳತಕ್ಕದ್ದು.